ಮಂಚದ ಕೆಳಗಿನ ಹವಾಲ್ದಾರ

ನಮ್ಮ ಕಾಕಾ ಬರೆದ ಕಥೆಗಳಿಗೆ ಇಂಗಿನ ವಾಸನೆ ಇರುತ್ತಿತ್ತು. ಇದನ್ನು ನಾನು ಹೊಗಳಿ ಹೇಳುತ್ತಿಲ್ಲ, ಹಾಗಂತ ಬೈದೂ ಹೇಳುತ್ತಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯಲಬುರ್ಗಿಯಂಥ ಊರಿನಲ್ಲಿ ಬರೆಯಲು ಕಾಗದ ಸಿಗುವುದೇ ದುರ್ಲಭವಾಗಿತ್ತು. ಆದ್ದರಿಂದ ಕಾಕಾ ಕಿರಾಣಿ ಅಂಗಡಿಯ ಪೊಟ್ಟಣಗಳನ್ನು ಬಿಚ್ಚಿ, ಅಂಗೈಯಿಂದ ತೀಡಿ ಸಪಾಟು ಮಾಡಿ, ಅವುಗಳ ಮೇಲೆ ಬರೆಯುತ್ತಿದ್ದ. ಇಂಗಿನ ಪೊಟ್ಟಣದ ಮೇಲೆ ಬಸ್ರಾದ ಕಾಳಗ, ಬೆಲ್ಲದ ಪೊಟ್ಟಣದ ಮೇಲೆ ಸುಲ್ತಾನನ ಮಗಳು. ಬೆಲ್ಲದ ಕಾಗದಕ್ಕೆ ಇರುವೆ ಮುತ್ತುತ್ತಿದ್ದವು. ಸುಲ್ತಾನನ ಮಗಳ ಸೌಂದರ್ಯ ವರ್ಣಿಸುವಾಗ ಕಾಕಾ ನಡುನಡುವೆ ಕಾಗದವನ್ನು ಉಫ್ ಉಫ್ ಎಂದು ಊದುತ್ತಿದ್ದ. ಕೇಳುವವರಿಗೆ ಅದು ನಿಟ್ಟುಸಿರಿನಂತೆ ಕೇಳುತ್ತಿತ್ತು.

ಕಾಕಾ ಎಂದರೆ ಅಪ್ಪನ ತಮ್ಮ. ಮೊದಲನೆಯ ಜರ್ಮನ್ ಯುದ್ಧದಲ್ಲಿ ಇರಾಕಿನ ಬಸ್ರಾ ಕಡೆ ಹೋಗಿ ಬಂದವನು. ಅಲ್ಲಿ ಏನು ಮಾಡಿದೆ ಎಂದು ಕೇಳಿದರೆ ದಿನಕ್ಕೊಂದು ಉತ್ತರ. ಹೇಸರಗತ್ತೆಗಳಿಗೆ ಮೇವು ಹಾಕುವ ಕೆಲಸ ಮಾಡಿದ್ದ ಎಂಬುದು ಚಿಗವ್ವನಿಗೆ, ಅಂದರೆ ಅವನ ಹೆಂಡತಿಗೆ ಮಾತ್ರ ಗೊತ್ತಿತ್ತು. ಅವಳು ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಚಿಗವ್ವ ಹಾಗೆಯೇ, ಅವಳ ಬಾಯಲ್ಲಿ ಮಾತು ಕಡಿಮೆ, ಕೈಯಲ್ಲಿ ಸಪ್ಪಳ ಇನ್ನೂ ಕಡಿಮೆ. ತಾಮ್ರದ ಕೊಡವನ್ನೂ ಬಟ್ಟೆಯ ಸಿಂಬಿ ಇಟ್ಟೇ ಅದರ ಮೇಲೆ ಇಳಿಸುತ್ತಿದ್ದಳು.

ಕಾಕಾನಿಗೆ ಒಂದು ವಿಚಿತ್ರ ಚಾಳಿ ಇತ್ತು. ಅಡುಗೆಮನೆಯಲ್ಲಿ ತಪೇಲಿ ಬಿದ್ದರೆ, ಪಡಸಾಲೆಯ ಕದ ಗಾಳಿಗೆ ಬಡಿದರೆ, ಆ ಕ್ಷಣವೇ ಮಸಿಯಲ್ಲಿ ಅದ್ದಿ ಬರೆಯುವ ಅವನ ಟಾಕು ಕೈಯಿಂದ ಜಾರಿ ಮಂಚದ ಕೆಳಗೆ ಹೋಗುತ್ತಿತ್ತು. ಅವನು ಅದನ್ನು ಹುಡುಕಲು ಮಂಚದ ಕೆಳಗೆ ಹೋಗುತ್ತಿದ್ದ. ಹುಡುಕಲು ಸಾಕಷ್ಟು ಹೊತ್ತು ಹಿಡಿಯುತ್ತಿತ್ತು. ಲೇಖಕರ ಕೈಯಲ್ಲಿ ಬಲ ಇರುವುದಿಲ್ಲ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು.

ಆ ಕಾಲದಲ್ಲಿ ನಮ್ಮ ಮನೆಗೆ ಕಥೆಗಿಂತ ದೊಡ್ಡ ಚಿಂತೆ ಒಂದಿತ್ತು. ಅದು ಅಕ್ಕನದು. ಅವಳ ಗಂಡ ಗಂಗಾವತಿ ಹತ್ತಿರದ ಮರಳಿ ಎಂಬ ಊರಿನವನು. ಮದುವೆಯಾದ ಹೊಸತರಲ್ಲೇ ಮಿಲಿಟರಿ ಸೇರಿ ಬರ್ಮಾ ಗಡಿಗೆ ಹೋಗಿ, ಯುದ್ಧ ಮುಗಿದ ಮೇಲೆ ಕೈಕಾಲು ನೆಟ್ಟಗೆ ಇಟ್ಟುಕೊಂಡು ವಾಪಸು ಬಂದಿದ್ದ. ಅಕ್ಕನನ್ನು ಕರೆದೊಯ್ಯಲು ನಮ್ಮ ಮನೆಗೂ ಬಂದ. ಬಂದದ್ದು ನಡೆದುಕೊಂಡು. ಆಗ ಇದ್ದಿಲಿನ ಹೊಗೆಯ ಮೇಲೆ ಓಡುವ ಬಸ್ಸುಗಳಿದ್ದವು, ಹೋಗುವಾಗ ಢಂ ಢಂ ಎಂದು ಸಿಡಿಯುತ್ತಿದ್ದವು. ಬಸ್ಸಿದ್ದರೂ ನಡೆದು ಬಂದ ಅಳಿಯನನ್ನು ಕಂಡು ನಮ್ಮ ಆಯಿಗೆ ಹೃದಯ ಉಕ್ಕಿ ಬಂತು. ಆಯಿ ಅಂದರೆ ಅಪ್ಪನ ತಾಯಿ, ಮನೆಯ ಮುಖ್ಯಮಂತ್ರಿ.

ಯುದ್ಧ ಗೆದ್ದು ಬಂದ ಅಳಿಯನಿಗೆ ದೃಷ್ಟಿ ತೆಗೆಯಬೇಕಲ್ಲ! ಆಯಿ ತೆಂಗಿನಕಾಯಿ ನಿವಾಳಿಸಿ, ಅವನ ಕಾಲ ಹತ್ತಿರ ಕಲ್ಲಿನ ಮೇಲೆ ಬಲವಾಗಿ ಒಡೆದಳು. ಫಟ್ ಎಂದಿತು. ನೋಡಿದರೆ ಅಂಗಳದಲ್ಲಿ ಅಳಿಯನೇ ಇಲ್ಲ. ಚಕ್ಕಡಿ ಗಾಡಿಯ ಕೆಳಗೆ ಎರಡು ಕಾಲು ಕಾಣಿಸಿದವು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದ, ತಲೆಯ ಪಟಕಾಕ್ಕೆ ಸಗಣಿ ಹತ್ತಿತ್ತು. ಯಾರ ಮುಖವನ್ನೂ ನೋಡಲಿಲ್ಲ. ಅಕ್ಕ ತಂದ ನೀರಿನ ತಂಬಿಗೆಯನ್ನೂ ಮುಟ್ಟದೆ ಬಂದ ದಾರಿಯಲ್ಲೇ ಹೊರಟುಹೋದ.

ಆಯಿ ಒಡೆದ ಕಾಯಿಯನ್ನು ಎತ್ತಿ ನೋಡಿದಳು. ಒಳಗೆ ಕೊಳೆತಿತ್ತು.

"ಆತು, ಗೊತ್ತಾತು," ಎಂದಳು. "ಕೆಟ್ಟ ಕಾಯಿ ಒಡದು ಅಳ್ಯಾನ ಅಪಮಾನ ಮಾಡಿದ್ವಿ. ವಾಸನಿ ಹಿಡದಾನ. ಮಿಲಿಟ್ರಿ ಮಂದಿ ಮೂಗು ಭಾಳ ಚುರುಕ ಇರತೈತಿ."

"ಹಂಗಾರ ಚಕ್ಕಡಿ ಬುಡಕ ಯಾಕ ಹೊಕ್ಕಾರ?" ಎಂದು ಅಪ್ಪ ಕೇಳಿದ.

"ಸಿಟ್ಟು ಬಂದಾಗ ಹಿರ್ಯಾರಿಗೆ ಮಕಾ ತೋರಸಬಾರದಂತ. ಛಲೋ ಸಂಸ್ಕಾರ ಐತಿ ಹುಡುಗಗ."

ಆಯಿ ಒಮ್ಮೆ ಹೇಳಿದ ಮೇಲೆ ಮುಗಿಯಿತು. ಮುನಿಸಿಕೊಂಡ ಅಳಿಯನನ್ನು ಮರ್ಯಾದೆಯಿಂದ ರಮಿಸಬೇಕು, ಮರ್ಯಾದೆ ಎಂದರೆ ನಮ್ಮ ಕಡೆ ಸಪ್ಪಳ. ಅಪ್ಪ ಒಳ್ಳೆಯ ಕಾಯಿಗಳನ್ನು ಆರಿಸಿ, ಹಲಗೆ ಬಾರಿಸುವವರನ್ನು ಕರೆದುಕೊಂಡು ಮರಳಿಗೆ ಹೋದ. ಊರ ಅಗಸಿ ಬಾಗಿಲಿನಿಂದ ಬೀಗರ ಮನೆಯವರೆಗೆ ಕಿವಿ ಹರಿಯುವ ಹಾಗೆ ಹಲಗೆ ಬಾರಿಸಿದರು. ಭಾವ ಹಿತ್ತಲ ಬಾಗಿಲಿನಿಂದ ಓಡಿ, ಗದ್ದೆಯ ಪಕ್ಕದ ಕಾಲುವೆಯಲ್ಲಿ ಕುತ್ತಿಗೆಮಟ್ಟ ನೀರಿನಲ್ಲಿ ನಿಂತಿದ್ದನಂತೆ. ಅಪ್ಪ ಕುದಿಯುತ್ತ ಮನೆಗೆ ಬಂದ. "ನಮ್ಮ ಮಕಾ ನೋಡಿದ್ದಕ್ಕ ಜಳಕಾ ಮಾಡಾಕತ್ತಿದ್ದ, ಎಂಥಾ ಸೊಕ್ಕು!" ಎಂದು ಕೂಗಾಡಿದ.

ಆಯಿ ಸೋಲುವವಳಲ್ಲ. ಮುಂದಿನ ಸಲ ನಮ್ಮೂರ ಗೌಡರ ಕೈಕಾಲು ಹಿಡಿದು ಅವರ ಬಂದೂಕನ್ನೇ ಕಳಿಸಿದಳು. ಅಳಿಯನ ಮನೆಯ ಮುಂದೆ ಆಕಾಶಕ್ಕೆ ಗುಂಡು ಹಾರಿಸಿ ಸಲಾಮು ಕೊಡುವುದು, ಅದಕ್ಕಿಂತ ದೊಡ್ಡ ಮರ್ಯಾದೆ ನವಾಬರಿಗೂ ಸಿಗುವುದಿಲ್ಲ. ಗುಂಡು ಹಾರಿತು. ಭಾವ ಮರುದಿನ ಮಧ್ಯಾಹ್ನ ಹುಲ್ಲಿನ ಬಣವೆಯೊಳಗೆ ಸಿಕ್ಕ.

ಸುದ್ದಿ ಕೇಳಿದ ಆಯಿ, "ಒಂದ ಗುಂಡು ಹೊಡದ್ರ್ಯಾ? ಎರಡ ಹೊಡೀಬೇಕಿತ್ತು," ಎಂದಳು.

ಈಗ ಬರೆಯುವಾಗ ನನಗೆ ನಗು ಬರುತ್ತದೆ, ಆಗ ಬರಲಿಲ್ಲ. ಮರಳಿಯಿಂದ ಅವನ ತಾಯಿ ಹೇಳಿ ಕಳಿಸಿದ್ದರು: ಹುಡುಗನಿಗೆ ನಿಮ್ಮ ಮಗಳ ಕಡೆ ಮನಸ್ಸಿಲ್ಲ, ಕೇಳಿದರೆ ಬ್ಯಾಡ ಅನ್ನುತ್ತಾನೆ, ಯಾಕೆ ಅಂದರೆ ಬಾಯಿ ಬಿಡುವುದಿಲ್ಲ, ದಸರೆಯವರೆಗೆ ನೋಡುತ್ತೇವೆ, ಆಮೇಲೆ ಬೇರೆ ಹೆಣ್ಣು ತರುತ್ತೇವೆ. ಬರ್ಮಾದಲ್ಲಿ ಅವನಿಗೊಬ್ಬಳು ಇದ್ದಾಳೆಂದು ನಮ್ಮ ಓಣಿಯವರು ತಾವೇ ಕಣ್ಣಾರೆ ಕಂಡವರಂತೆ ಹೇಳತೊಡಗಿದರು. ಅಕ್ಕ ಅಳುವ ಪೈಕಿ ಅಲ್ಲ. ಅವಳು ರೊಟ್ಟಿ ಬಡಿಯುತ್ತಿದ್ದಳು. ಅವಳು ರೊಟ್ಟಿ ಬಡಿಯುವ ಹೊತ್ತಿಗೆ ಗೋಡೆಯ ಗೂಟಕ್ಕೆ ಹಾಕಿದ ಸೀರೆಗಳು ಅಲುಗುತ್ತಿದ್ದವು, ಕಾಕಾ ಹೊಲದ ಕಡೆ ಹೋಗಿಬಿಡುತ್ತಿದ್ದ.

ಒಂದು ದಿನ ಅವಳು ಹಿಟ್ಟಿನ ಕೈಯಲ್ಲೇ ನನಗೆ ಹೇಳಿದಳು. "ಮನಸ್ಸಿನ್ಯಾಗ ಏನೈತಿ ಅಂತ ಒಂದ ಮಾತು ಹೇಳಿದ್ರ ಸಾಕಿತ್ತು. ಬೈದಿದ್ರೂ ನಡೀತಿತ್ತು. ಇದೇನಿದು, ನೋಡಿದಕೂಡ್ಲೆ ಓಡೋದು? ನಾ ಏನ ಹುಲಿ ಅದೀನೇನ?"

ಹುಲಿ ಅಲ್ಲ ಎಂದು ಹೇಳುವ ಧೈರ್ಯ ಆಗ ನನಗಾಗಲಿಲ್ಲ.

ಅದೇ ಬೇಸಿಗೆಯಲ್ಲಿ ಬಿತ್ತನೆಯ ಶೇಂಗಾ ಸುಲಿಯುವ ಕೆಲಸ ಬಂತು. ಬೀಜದ ಶೇಂಗಾವನ್ನು ಬಡಿದರೆ ಕಾಳು ಒಡೆಯುತ್ತದೆ, ಆದ್ದರಿಂದ ಕೈಯಿಂದಲೇ ಸುಲಿಯಬೇಕು. ಓಣಿಯ ಹೆಂಗಸರು ಪಡಸಾಲೆಯಲ್ಲಿ ಸುತ್ತ ಕೂತು ಸುಲಿಯುತ್ತಿದ್ದರು. ಅಕ್ಕ, ನಾನು ಅವರ ನಡುವೆ. ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ಸುಲಿಯುವವರು ಹಾಡುತ್ತಿರಬೇಕು. ಹಾಡುವ ಬಾಯಿ ಕಾಳು ತಿನ್ನುವುದಿಲ್ಲ ಎಂಬುದು ಆಯಿಯ ಲೆಕ್ಕ. ಆದರೆ ನಮ್ಮ ಹೆಂಗಸರು ಕಾಳನ್ನು ಗಲ್ಲದಲ್ಲಿ ಇಟ್ಟುಕೊಂಡೇ ತಾರಕದಲ್ಲಿ ಹಾಡುವುದನ್ನು ಕಲಿತುಬಿಟ್ಟಿದ್ದರು.

"ಏನ್ರೇ, ಹಾಡಿನ್ಯಾಗ ಕರುಂ ಕುರುಂ ಅಂತ ಅದ್ಯಾವ ವಾದ್ಯ?" ಎಂದು ಆಯಿ ಕೇಳಿದಳು.

ಎಲ್ಲರ ಬಾಯಿ ತುಂಬಿತ್ತು.

ಆಗ ಆಯಿಗೆ ಮಂಚದ ಮೇಲೆ ಕೂತು ಬರೆಯುತ್ತಿದ್ದ ಮಗ ಕಣ್ಣಿಗೆ ಬಿದ್ದ. "ದಂಡಿಗೆ ಹೋಗಿ ಬಂದದ್ದಂತೂ ಏನೂ ಉಪಯೋಗ ಆಗಲಿಲ್ಲ. ಬರದದ್ದನ್ನರ ಓದು," ಎಂದಳು.

ಕಾಕಾ ಓದಿದ. ಅವನ ಕಥೆಯ ನಾಯಕ ಒಬ್ಬ ಹವಾಲ್ದಾರ. ಮೀಸೆಗೆ ತುಪ್ಪ ಹಚ್ಚುವವನು, ಒಂದೇ ಏಟಿಗೆ ಒಂಟೆಯನ್ನೂ ಒಂಟೆಯ ಮೇಲಿದ್ದವನನ್ನೂ ಉರುಳಿಸುವವನು. ಹೆಂಗಸರ ಬಾಯಿ ತೆರೆದವು, ತೆರೆದೇ ಉಳಿದವು. ಕೈಗಳು ತಮ್ಮಷ್ಟಕ್ಕೆ ಸುಲಿಯುತ್ತಿದ್ದವು. ಸಂಜೆ ಕಾಳಿನ ರಾಶಿ ನೋಡಿ ಆಯಿ ಮೊದಲ ಬಾರಿಗೆ ಮಗನ ಸಾಹಿತ್ಯವನ್ನು ಹೊಗಳಿದಳು. ಮರುದಿನದಿಂದ ಹಾಡು ಬಂದ್, ಹವಾಲ್ದಾರ ಶುರು.

ಆದರೆ ಹೆಂಗಸರಿಗೆ ಗೆಲುವಿನ ಮೇಲೆ ಗೆಲುವು ಕೇಳಿ ಕೇಳಿ ಬೇಸರ ಬಂತು. ಕಾಳು ಮತ್ತೆ ಗಲ್ಲಕ್ಕೆ ಸೇರತೊಡಗಿದವು.

"ಅಲ್ರೀ," ಎಂದಳು ಸುಲಿಯುವವರಲ್ಲಿ ಹಿರಿಯಳು. "ನಿಮ್ಮ ಹವಾಲ್ದಾರ ಉಣ್ಣೂದಿಲ್ಲ, ಮಲಗೂದಿಲ್ಲ, ಬರೇ ಕಡೀತಾನ. ಕಬ್ಬು ಕಡಿಯೋ ಆಳೂ ನಡಕ ಒಂದೀಟು ಕುಂದರ್ತಾನ. ಇವಗ ಒಂದ ನೆಗಡೀನರ ಬರಬ್ಯಾಡಾ?"

ಕಾಕಾನಿಗೆ ಸಿಟ್ಟು ಬಂತು. ಬರೆಯುವವರಿಗೆ ಬರುವ ಸಿಟ್ಟು, ಅಂದರೆ ಊಟ ಬಿಟ್ಟು ಮುಖ ಊದಿಸಿಕೊಂಡು ಕೂಡುವುದು. ಆದರೂ ಮರುದಿನ ಹೊಸ ಪೊಟ್ಟಣ ತಂದ. ಅದು ಮೆಣಸಿನಕಾಯಿಯದು, ಓದುತ್ತ ಓದುತ್ತ ಸೀನುತ್ತಿದ್ದ. ಹವಾಲ್ದಾರ ಯುದ್ಧ ಮುಗಿಸಿ ಮನೆಗೆ ಬಂದಿದ್ದಾನೆ. ಎದೆಯ ತುಂಬ ಬಿಲ್ಲೆ. ಒಳಗೆ ತಾಯಿ ಕಾದ ಎಣ್ಣೆಗೆ ಸಾಸಿವೆ ಹಾಕುತ್ತಾಳೆ. ಚಟಪಟ ಅಂದದ್ದೇ ತಡ, ಹವಾಲ್ದಾರ ಮಂಚದ ಕೆಳಗೆ!

ಹೆಂಗಸರು ನಕ್ಕರು ನೋಡಿ! ಸುಲಿದ ಕಾಳಿನ ಮೊರಗಳು ಮಗುಚಿ ಬಿದ್ದವು. ತಿಂಗಳುಗಟ್ಟಲೆ ತುಟಿ ಬಿಚ್ಚದ ಅಕ್ಕನೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಕಾ ಮಾತ್ರ ನಗಲಿಲ್ಲ. ಕಾಗದ ಹಿಡಿದು ತಲೆ ತಗ್ಗಿಸಿ ಕೂತಿದ್ದ. ಕಣ್ಣಲ್ಲಿ ನೀರಿತ್ತು. ಮೆಣಸಿನಕಾಯಿ ಅಂದುಕೊಂಡೆ.

ನಗು ಇಳಿದ ಮೇಲೆ ಹಿರಿಯಳು ಕಣ್ಣೊರೆಸಿಕೊಂಡು, "ಪಾಪ, ಅವಗ ತೋಪಿನ ಸಪ್ಪಳ ನೆನಪಾಗತಿರಬೇಕು," ಎಂದಳು. "ಅವನ ಹೇಂತಿ ಏನಂದ್ಲು?"

"ಅದನ್ನ ಬರದಿಲ್ಲ," ಎಂದ ಕಾಕಾ.

"ಅದಕ್ಕ್ಯಾಕ ಬರೀಬೇಕು? ಏನಂತಾಳ ಅಕಿ? ತಾಟಿನ್ಯಾಗ ರೊಟ್ಟಿ ಹಾಕಿ ಮಂಚದ ಬುಡಕ ಸರಸತಾಳ. ಹಸದ ಗಂಡಸು ಎಲ್ಲಿದ್ರ ಏನು, ಉಣ್ಣಬೇಕಲ್ಲ!"

ಅಂದಿನಿಂದ ಹವಾಲ್ದಾರನಿಗೆ ಮಂಚದ ಮೇಲೆ ಬರಲು ಅವಕಾಶವೇ ಸಿಗಲಿಲ್ಲ. ಕಾಕಾ ಅವನನ್ನು ಮತ್ತೆ ಯುದ್ಧಕ್ಕೆ ಕಳಿಸಲು ನೋಡಿದ, ಹೆಂಗಸರು ಬಿಡಲಿಲ್ಲ. ಸಿಡಿಲಿಗೆ ಮಂಚದ ಕೆಳಗೆ, ಒನಕೆಗೆ ಮಂಚದ ಕೆಳಗೆ, ಸ್ವಂತ ಸೀನಿಗೂ ಮಂಚದ ಕೆಳಗೆ. ಸುಲ್ತಾನನ ಮಗಳು ಅವನನ್ನು ಹುಡುಕಿಕೊಂಡು ಯಲಬುರ್ಗಿಗೇ ಬಂದು, ಬಗ್ಗಿ ನೋಡಿ, ಸುಮ್ಮನೆ ಹಿಂದಿರುಗಿದಳು. ಬಿತ್ತನೆಯ ಕಾಳೆಲ್ಲ ಸುಲಿದಾಯಿತು. ನಮ್ಮಲ್ಲಿ ಮುಂಗಾರು ಬಿತ್ತನೆ ಮುಗಿಯಿತು. ಆ ಹೆಂಗಸರು ಪ್ರತಿವರ್ಷದಂತೆ ಭತ್ತದ ನಾಟಿಗೆಂದು ಗಂಗಾವತಿ ಕಡೆ ಹೊರಟರು. ಅವರ ಜೊತೆ ಕಥೆಯೂ ಹೊರಟಿತು. ಕೆಸರಿನಲ್ಲಿ ಬಗ್ಗಿ ಸಸಿ ಹಚ್ಚುತ್ತ, ಮಂಚದ ಕೆಳಗಿನ ಹವಾಲ್ದಾರನನ್ನು ಗದ್ದೆಯಿಂದ ಗದ್ದೆಗೆ ಹೇಳಿಕೊಂಡು ಮರಳಿಯವರೆಗೂ ಮುಟ್ಟಿಸಿದರು.

ಶ್ರಾವಣದ ಒಂದು ಬೆಳಿಗ್ಗೆ ಭಾವ ನಮ್ಮ ಅಂಗಳದಲ್ಲಿ ನಿಂತಿದ್ದ. ಮತ್ತೆ ನಡೆದೇ ಬಂದಿದ್ದ, ಮೊಳಕಾಲಿನವರೆಗೂ ರಾಡಿ. ಕಾಕಾ ಪಡಸಾಲೆಯ ಮಂಚದ ಮೇಲೆ ಬರೆಯುತ್ತ ಕೂತಿದ್ದ. ಭಾವ ನೇರವಾಗಿ ಅವನ ಮುಂದೆ ಹೋಗಿ ನಿಂತ.

"ಏನ್ರಿ ಕಾಕಾರ, ನನ್ನ ಮರ್ಯಾದಿ ಪೊಟ್ಟಣಾ ಕಟ್ಟಿ ಹಂಚಾಕತ್ತೀರಿ?"

ಕಾಕಾ ಕಣ್ಣು ಕಣ್ಣು ಬಿಟ್ಟ. "ನಾ ಏನ ಮಾಡಿದ್ನಪಾ?"

"ಗದ್ದ್ಯಾಗ ಹೆಣ್ಮಕ್ಕಳು ನನ್ನ ಕಥಿ ಹೇಳಿ ಹೇಳಿ ನಗತಾರ! ಮಂಚದ ಬುಡಕ ಹೊಗೂದು ನಿಮಗ ಯಾರು ಹೇಳಿದ್ರು? ನಮ್ಮವ್ವ ಹೇಳಿದ್ಲಾ? ಸಾಸಿವಿ ಸಪ್ಪಳದ್ದು ಯಾರಿಗೂ ಗೊತ್ತಿಲ್ಲ, ಅದನ್ನೂ ಬರದೀರಿ!"

ಬಾಗಿಲ ಸಂದಿಯಲ್ಲಿ ನಿಂತಿದ್ದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೂ ಹೇಳದಿದ್ದುದನ್ನು ಪಾಪ, ಅವನೇ ಗಂಟಲು ಹರಿಯುವಂತೆ ಕೂಗಿ ಹೇಳಿದ್ದ. ಚಕ್ಕಡಿ, ಕಾಲುವೆ, ಬಣವೆ, ಎಲ್ಲವೂ ನನ್ನ ತಲೆಯಲ್ಲಿ ಸಾಲಾಗಿ ಬಂದು ನಿಂತವು. ಅಕ್ಕನ ಕಡೆ ನೋಡಿದೆ. ಅವಳ ಕೈ ಸೆರಗಿನ ಮೇಲೇ ನಿಂತುಬಿಟ್ಟಿತ್ತು.

"ಅದು ನಿಮ್ಮ ಕಥಿ ಅಲ್ಲಪಾ," ಎಂದ ಕಾಕಾ ಮೆಲ್ಲಗೆ.

"ಮತ್ತ ಯಾರದು?"

ಕಾಕಾ ಬಾಯಿ ತೆರೆದ. ಆದರೆ ಉತ್ತರ ಹೊರಬರುವ ಮೊದಲು ಆಯಿ ಬಂದಳು. ಆಯಿ ಹಿತ್ತಲಿನಲ್ಲಿದ್ದವಳು, ಅವಳಿಗೆ ಅಳಿಯ ಬಂದ ಸುದ್ದಿ ಮಾತ್ರ ಮುಟ್ಟಿತ್ತು. ಚಳಿಗಾಲದಿಂದ ಈ ದಿನಕ್ಕೆಂದೇ ಕಾಯ್ದಿರಿಸಿದ, ಮೂರು ಜನರಿಗೆ ತೋರಿಸಿ ಕೆಟ್ಟಿಲ್ಲವೆಂದು ಗಟ್ಟಿಮಾಡಿಕೊಂಡ ಕಾಯಿ ಅವಳ ಕೈಯಲ್ಲಿತ್ತು. "ಬರ್ರಿ ಅಳ್ಯಾರ!" ಎಂದು ನಿವಾಳಿಸಿದವಳೇ ಹೊಸ್ತಿಲ ಕಲ್ಲಿಗೆ ಇದ್ದ ಬಲವನ್ನೆಲ್ಲ ಹಾಕಿ ಬಡಿದಳು.

ಸಪ್ಪಳ ಅಡಗಿದಾಗ ಪಡಸಾಲೆ ಖಾಲಿ. ಭಾವ ಇಲ್ಲ. ಕಾಕಾನೂ ಇಲ್ಲ. ಮಂಚದ ಮೇಲಿದ್ದ ಇಂಗಿನ ಕಾಗದ ಒಂದು ನಿಧಾನವಾಗಿ ನೆಲಕ್ಕಿಳಿಯಿತು. ಆಮೇಲೆ ಮಂಚದ ಕೆಳಗಿನಿಂದ ಠಣ್ ಎಂದು ಎರಡು ತಲೆ ಬಡಿದುಕೊಂಡ ಸಪ್ಪಳ ಬಂತು.

"ಕಾಯಿ ಛಲೋ ಐತ್ರಿ!" ಎಂದು ಆಯಿ ಎರಡೂ ಹೋಳು ಎತ್ತಿ ತೋರಿಸುತ್ತ ನಿಂತಳು. ಯಾರಿಗೆ ತೋರಿಸಬೇಕು?

ಮಂಚದ ಕೆಳಗೆ ಮಾತು ಶುರುವಾಯಿತು.

"ಕಾಕಾರ, ನಿಮಗೂ?"

"ಹ್ಞೂಂಪಾ. ಬಸ್ರಾದಿಂದ ಬಂದಾಗಿಂದ."

"ಇಷ್ಟ ವರ್ಷ?"

"ಟಾಕು ಹುಡಕತೀನಂತ ಹೇಳತಿದ್ದೆ."

ಭಾವ ಹೇಳಿದ, "ನನಗ ಬರಿಯಾಕ ಬರೂದಿಲ್ರಿ. ಹಿಂಗಾಗಿ ನಾ ಓಡಿಹೋಗತಿದ್ದೆ. ಅಕಿ ಮುಂದ ಹಿಂಗ ಬುಡಕ ಹೊಕ್ಕರ ಅಕಿ ಏನಂದಾಳು, ದಂಡಿನ್ಯಾಗ ಇದ್ದಾವ ಅಂತ ಯಾವ ಮಕದಿಂದ ಹೇಳಲಿ?"

ಆಗ ಅಕ್ಕ ಒಳಗೆ ಹೋದಳು. ಸಿಟ್ಟಾಗಿ ಹೋದಳೆಂದು ನಾನು ಅಂದುಕೊಂಡೆ. ತಿರುಗಿ ಬಂದಾಗ ಅವಳ ಕೈಯಲ್ಲಿ ತಾಟಿತ್ತು. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಮಂಚದ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತು, ಸಪ್ಪಳವಾಗದಂತೆ ತಾಟನ್ನು ನೆಲದ ಮೇಲೆ ಮೆಲ್ಲಗೆ ಒಳಗೆ ಸರಿಸಿದಳು. ಕಥೆ ಅವಳಿಗೆ ಬಾಯಿಪಾಠವಾಗಿತ್ತು. ಗದ್ದೆಯಲ್ಲಿ ಕೇಳಿದ ಭಾವನಿಗೂ ಗೊತ್ತಿತ್ತು. ಒಳಗಿನಿಂದ ಒಂದು ಕೈ ಬಂದು ತಾಟನ್ನು ಬಿಟ್ಟು ಅವಳ ಕೈಯನ್ನೇ ಹಿಡಿಯಿತು. ನಾನು ನಾಚಿ ತೊಲೆ ನೋಡುತ್ತ ನಿಂತೆ. ಆಯಿ ನಾಚಲಿಲ್ಲ, ಬಗ್ಗಿ ಚೆನ್ನಾಗಿ ನೋಡಿದಳು.

"ಅಂದ್ರ, ಕಾಯಿ ಕೆಟ್ಟಿದ್ದಕ್ಕ ಅಲ್ಲಾ?" ಎಂದು ಕೇಳಿದಳು. ಅವಳ ದನಿಯಲ್ಲಿ ಎಷ್ಟು ನಿರಾಸೆ!

ಇಷ್ಟರಲ್ಲಿ ಭಾವ ಒಳಗಿನಿಂದ, "ಇಲ್ಲಿ ಕೌದಿ ಯಾರು ಹಾಸ್ಯಾರ?" ಎಂದ.

ನಾವೆಲ್ಲ ಬಗ್ಗಿ ನೋಡಿದೆವು. ಮಂಚದ ಕೆಳಗೆ, ಗೋಡೆಯ ಕಡೆಗೆ, ಹಳೆಯ ಸೀರೆಗಳ ತುಂಡು ಹೊಲಿದ ಕೌದಿಯೊಂದು ನೀಟಾಗಿ ಹಾಸಿತ್ತು. ಧೂಳಿನ ಸುಳಿವಿಲ್ಲ. ಆಗತಾನೆ ಒಗೆದು ಒಣಗಿಸಿದ ಹಾಗಿತ್ತು.

"ಅದು ಯಾವಾಗ್ಲೂ ಇಲ್ಲೇ ಇರತೈತಪಾ," ಎಂದ ಕಾಕಾ. "ಯಾರೋ ಇಟ್ಟು ಮರತಾರ ಅಂತ ನಾ ತಿಳಕೊಂಡಿದ್ದೆ."

ಅಡುಗೆಮನೆಯ ಬಾಗಿಲಲ್ಲಿ ಚಿಗವ್ವ ನಿಂತಿದ್ದಳು. ಎಲ್ಲರೂ ಅವಳ ಕಡೆ ತಿರುಗಿದೆವು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ನೆಲಾ ತಣ್ಣಗ ಇರತೈತಿ," ಎಂದಳು. ಅಷ್ಟೇ.

ಕಾಕಾ ಮಂಚದ ಕೆಳಗಿನಿಂದ ತಲೆ ಮಾತ್ರ ಹೊರಗೆ ಹಾಕಿ ಹೆಂಡತಿಯನ್ನು ನೋಡಿದ. ನೋಡುತ್ತಲೇ ಇದ್ದ. ಸಿಂಬಿಯ ಮೇಲೆ ಇಳಿಸಿದ ಕೊಡಗಳೆಲ್ಲ ಅವನಿಗೆ ಆಗ ನೆನಪಾಗಿರಬೇಕು. ಹವಾಲ್ದಾರನ ಹೆಂಡತಿ ಏನಂದಳು ಎಂಬುದನ್ನು ಅವನಿಗೆ ಬರೆಯಲು ಬಂದಿರಲಿಲ್ಲ. ಅವಳು ಏನೂ ಅಂದಿರಲಿಲ್ಲ, ಅದಕ್ಕೇ. ಅಷ್ಟು ವರ್ಷ ಕಥೆ ಕಟ್ಟಿದ ಮನುಷ್ಯ ಒಂದು ಮಾತೂ ಸಿಗದೆ ಮಕ್ಕಳಂತೆ ಅತ್ತುಬಿಟ್ಟ. ಈ ಸಲ ಮೆಣಸಿನಕಾಯಿ ಇರಲಿಲ್ಲ.

ಅಕ್ಕ ಅದೇ ವಾರ ಗಂಡನ ಜೊತೆ ಮರಳಿಗೆ ಹೊರಟಳು. ಹಲಗೆ ಇಲ್ಲ, ಬಂದೂಕು ಇಲ್ಲ. ಆಯಿ ದೃಷ್ಟಿ ತೆಗೆಯದೆ ಬಿಡುವವಳಲ್ಲ. ಆದರೆ ಒಂದು ರೊಟ್ಟಿ ನಿವಾಳಿಸಿ, ಸಪ್ಪಳವಿಲ್ಲದೆ ನಾಯಿಗೆ ಹಾಕಿದಳು. ನಾಯಿ ಬೊಗಳದಂತೆ ಅದಕ್ಕೆ ಬೆರಳು ತೋರಿಸಿ ಗದರಿಸಿದಳು. ಚಿಗವ್ವ ಒಳಗಿನಿಂದ ಒಂದು ಹೊಸ ಕೌದಿ ತಂದು ಅಕ್ಕನ ಕೈಗಿಟ್ಟಳು. ಅದು ಬಹಳ ದೊಡ್ಡದಿತ್ತು. ಒಬ್ಬರಿಗೆ ಇಷ್ಟು ಯಾಕೆ ಎಂದು ನಾನು ಕೇಳಿದೆ. ಚಿಗವ್ವ ನನ್ನನ್ನು ನೋಡಿ ನಕ್ಕಳು.

ಮುಂದೆ ಎಷ್ಟೋ ದಿನಗಳ ಮೇಲೆ ನಾನು ಮರಳಿಗೆ ಹೋದೆ. ಭಾವ ಗದ್ದೆಗೆ ಹೋಗಿದ್ದ. ಅಕ್ಕ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವ ಮೊದಲು ಹೊರಗೆ ಬಗ್ಗಿ ನೋಡಿ, ಗಂಡ ಇಲ್ಲವೆಂದು ಖಾತ್ರಿ ಮಾಡಿಕೊಂಡು ಸಾಸಿವೆ ಹಾಕುತ್ತಿದ್ದಳು. ಕಸ ಗುಡಿಸುವ ನೆಪದಲ್ಲಿ ನಾನು ಅವರ ಮಂಚದ ಕೆಳಗೆ ಇಣುಕಿದೆ. ಚಿಗವ್ವನ ಕೌದಿ ಅಲ್ಲಿ ಹಾಸಿತ್ತು. ಅದರ ಮೇಲೆ ಎರಡು ದಿಂಬುಗಳಿದ್ದವು. ನಾನು ಅವನ್ನು ಮುಟ್ಟದೆ, ಸುತ್ತಲಿನ ಕಸವನ್ನಷ್ಟೇ ಗುಡಿಸಿ ಹೊರಗೆ ಬಂದೆ.